ಒಂದು ಸಲವೂ ಇಲ್ಲ ಎಂದ ಆಪಾ

ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ ಫ್ಯಾಕ್ಟರಿಗೆ ಸೂಪರ್‌ವೈಸರ್ ಆಗಿ ಸೇರಿದ ಮೊದಲ ವಾರದಲ್ಲೇ ನಾನು ಬೈಯುವುದನ್ನು ಕಲಿತೆ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಬೆಳಿಗ್ಗೆ ಮಿಷಿನ್‌ಗಳು ಶುರುವಾದವೆಂದರೆ ಬೈಗುಳವೂ ಶುರುವಾಗುತ್ತಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಸೂಪರ್‌ವೈಸರ್‌ಗಳಿಗೆ ಬೈಯುತ್ತಿದ್ದ, ನಾವು ಟೈಲರ್‌ಗಳಿಗೆ ಬೈಯುತ್ತಿದ್ದೆವು. ಟೈಲರ್‌ಗಳೆಲ್ಲ ಹೆಚ್ಚುಕಡಿಮೆ ಹೆಂಗಸರೇ, ಸುತ್ತಲ ಹಳ್ಳಿಗಳಿಂದ ಬಸ್ಸು ಹತ್ತಿ ಬರುವವರು. ಅವರು ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಬೈಯದಿದ್ದರೆ ದಿನಕ್ಕೆ ಹೊಲಿಯಬೇಕಾದಷ್ಟು ಪೀಸ್ ಬರುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು.

ನಾಲ್ಕನೇ ಲೈನ್‌ನಲ್ಲಿ, ಅಂದರೆ ಮಿಷಿನ್‌ಗಳ ನಾಲ್ಕನೇ ಸಾಲಿನಲ್ಲಿ, ಮಾತ್ರ ಬೈಗುಳ ಇರಲಿಲ್ಲ. ಅದು ಆಪಾ ಅವರ ಲೈನ್.

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಆದರೆ ಆಫೀಸಿನವರಿಂದ ಹಿಡಿದು ಗೇಟಿನ ಸೆಕ್ಯುರಿಟಿಯವರೆಗೆ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಕಳೆದ ತಿಂಗಳು ನಿವೃತ್ತರಾದರು. ಕ್ಯಾಂಟೀನ್‌ನಲ್ಲಿ ಹಾರ ಹಾಕಿ ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕ್ ಕೊಟ್ಟೆವು. "ಇಷ್ಟು ವರ್ಷ ನನ್ನ ಗಂಟಲು ಕೇಳಿದೀರಿ. ಇವತ್ತೊಂದಿನ ಕಿವಿಗೆ ರಜಾ ತಗೊಳ್ಳಿ" ಎಂದವರೇ ಮೈಕನ್ನು ವಾಪಸ್ಸು ಕೊಟ್ಟು, ಮೈಸೂರು ಪಾಕಿನ ತಟ್ಟೆ ಎಳೆದುಕೊಂಡು ಕೂತರು.

ಗಂಟಲಿನ ವಿಷಯ ಅವರು ಹೇಳಿದ್ದು ನಿಜ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಹುಟ್ಟಿ ಬೆಳೆದವರು. ಎರಡೂ ಪಕ್ಕದ ಮನೆಗಳಲ್ಲಿ ಪವರ್‌ಲೂಮ್ ಓಡುತ್ತಿದ್ದಾಗ ಒಳಮನೆಯಿಂದ ಅಡುಗೆಮನೆಗೆ ಮಾತು ಮುಟ್ಟಿಸಬೇಕಾದರೆ ಕೂಗಲೇಬೇಕು. ಆ ಕೂಗು ಅವರಿಗೆ ಹಾಗೇ ಉಳಿದುಬಿಟ್ಟಿತ್ತು. "ಚಹಾ ಕುಡಿದ್ಯಾ?" ಎಂದು ಕೇಳಿದರೂ ಅರ್ಧ ಫ್ಲೋರ್ ತಿರುಗಿ ನೋಡುತ್ತಿತ್ತು. ಹೊಸದಾಗಿ ಬಂದವರು ಮೊದಲ ದಿನ ಹೆದರುತ್ತಿದ್ದರು. ಎರಡನೇ ದಿನಕ್ಕೆ ಅವರಿಗೆ ತಿಳಿಯುತ್ತಿತ್ತು, ಇಷ್ಟು ದೊಡ್ಡ ದನಿಯಲ್ಲಿ ಬರುವ ಮಾತುಗಳಲ್ಲಿ ಒಂದಕ್ಕೂ ಮುಳ್ಳಿಲ್ಲ ಎಂದು.

"ಜೋರಾಗಿ ಮಾತಾಡೋದು ಬೇರೆ, ಬೈಯೋದು ಬೇರೆ ಬೇಟಾ. ಜೋರಾಗಿ ಮಾತಾಡಿದ್ರೆ ಕಿವಿಗೆ ನೋವು, ಅಷ್ಟೇ" ಎಂದು ಒಮ್ಮೆ ನನಗೆ ಹೇಳಿದ್ದರು.

ಗಿಡ್ಡಗೆ, ದುಂಡಗೆ ಇದ್ದರು. ಬೆಳಿಗ್ಗೆ ಬಂದೊಡನೆ ಬುರ್ಖಾ ಮಡಿಸಿ ಲಾಕರ್‌ನಲ್ಲಿಟ್ಟು, ಸೂಪರ್‌ವೈಸರ್‌ಗಳಿಗೆ ಕೊಡುವ ನೀಲಿ ಕೋಟು ತೊಟ್ಟು, ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು. ಆಮೇಲೆ ಲೈನ್‌ನ ಈ ತುದಿಯಿಂದ ಆ ತುದಿಗೆ ಒಂದು ಸುತ್ತು. ಪ್ರತಿ ಮಿಷಿನ್ ಹತ್ತಿರವೂ ಒಂದು ಪ್ರಶ್ನೆ ಇರುತ್ತಿತ್ತು. ಮಗುವಿನ ಜ್ವರ ಬಿಟ್ಟಿತಾ, ಬಸ್ಸು ಸಿಕ್ಕಿತಾ, ಅತ್ತೆ ಊರಿಗೆ ಹೋದರಾ. ಅದೆಲ್ಲ ಮುಗಿದ ಮೇಲೆಯೇ ಕೆಲಸದ ಮಾತು. ಅವರ ಲೈನ್ ಎಲ್ಲರಿಗಿಂತ ಹೆಚ್ಚು ಪೀಸ್ ಕೊಡುತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಮಧ್ಯಮವಾಗಿ ಕೊಡುತ್ತಿತ್ತು. ಒಂದೇ ವ್ಯತ್ಯಾಸವೆಂದರೆ ಉಳಿದ ಲೈನ್‌ಗಳಿಂದ ಹೆಂಗಸರು ಕೆಲಸ ಬಿಟ್ಟು ಹೋಗುತ್ತಲೇ ಇರುತ್ತಿದ್ದರು, ಅವರ ಲೈನ್‌ನಿಂದ ಯಾರೂ ಹೋಗುತ್ತಿರಲಿಲ್ಲ.

ಫ್ಯಾಕ್ಟರಿಯ ಗೋಡೆಯ ಮೇಲೆ ಒಂದು ಬೋರ್ಡಿತ್ತು. ಬಟ್ಟೆ ಕೊಳ್ಳುವ ಕಂಪನಿಗಳವರು ತಪಾಸಣೆಗೆ ಬರುತ್ತಾರೆಂದು ಹಾಕಿಸಿದ್ದು. "ಕಿರುಕುಳ ಮತ್ತು ಹಿಂಸೆಯ ಬಗ್ಗೆ ಶೂನ್ಯ ಸಹಿಷ್ಣುತೆ" ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿದವರು ಬಹುಶಃ ಆಪಾ ಒಬ್ಬರೇ. ಒಂದು ದಿನ ಎಚ್‌ಆರ್ ಆಫೀಸಿನವನನ್ನು ತಡೆದು ನಿಲ್ಲಿಸಿದರು.

"ಸಾರ್, ಇದೇನು ಬರೆದಿರೋದು?"

"ಅದು ಆಪಾ, ಜೀರೋ ಟಾಲರೆನ್ಸ್ ಅಂತ."

"ಅದೇ ಏನು ಅಂತ ಕೇಳ್ತಿದೀನಿ."

ಅವನು ಸ್ವಲ್ಪ ಹೊತ್ತು ಕನ್ನಡ ಹುಡುಕಿದ. "ಅಂದ್ರೆ, ಸಹಿಸಲ್ಲ ಅಂತ."

"ಎಷ್ಟು ಸಲದವರೆಗೆ ಸಹಿಸಲ್ಲ?"

"ಒಂದು ಸಲಾನೂ ಸಹಿಸಲ್ಲ."

"ಹಂಗಂತ ಬರೀಬಾರದಾ? ನಮ್ಮ ಹೆಂಗಸರಿಗೆ ಇದು ಯಾವುದೋ ದೇವರ ಮಂತ್ರ ಇದ್ದಂಗಿದೆ."

ಅವನು ನಕ್ಕು ಹೋದ. ಆಪಾ ಮಾರನೇ ದಿನ ಪ್ಯಾಕಿಂಗ್ ವಿಭಾಗದಿಂದ ಒಂದು ರಟ್ಟು ತಂದು, ಮಾರ್ಕರ್‌ನಲ್ಲಿ ತಮ್ಮ ಗುಂಡಗಿನ ಅಕ್ಷರಗಳಲ್ಲಿ ಬರೆದರು. "ಇಲ್ಲಿ ಯಾರೂ ಯಾರಿಗೂ ಬೈಯಬಾರದು. ಹೊಡೆಯಬಾರದು. ಮುಟ್ಟಬಾರದು. ಒಂದು ಸಲವೂ ಇಲ್ಲ." ಅದನ್ನು ತಮ್ಮ ಲೈನ್‌ನ ಕಂಬಕ್ಕೆ ದಾರದಲ್ಲಿ ಕಟ್ಟಿದರು.

ಹೆಂಗಸರು ಅದರ ಮೇಲೆ ಜಗಳ ತೆಗೆದರು. ಪಕ್ಕದವಳನ್ನು ಪ್ರೀತಿಯಿಂದ "ಲೇ ಕೋತಿ" ಅನ್ನುವುದೂ ತಪ್ಪಾ ಎಂದು ಒಬ್ಬಳು ಕೇಳಿದಳು. ಆಪಾ ಊಟ ಮಾಡುತ್ತಲೇ ತೀರ್ಪು ಕೊಟ್ಟರು. "ಅನ್ನಿಸಿಕೊಂಡೋಳು ನಗ್ತಿದ್ರೆ ತಮಾಷೆ. ಅಂದೋಳು ಮಾತ್ರ ನಗ್ತಿದ್ರೆ ಬೈಗುಳ." ಅದಕ್ಕಿಂತ ಸರಳವಾದ ಕಾನೂನನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ನನ್ನ ಮೇಲೆ ಅವರಿಗೆ ಮೊದಲಿನಿಂದ ಅಕ್ಕರೆ. ಬಾಶೆಟ್ಟಿಹಳ್ಳಿಯಲ್ಲಿ ಒಂದು ರೂಮ್ ಬಾಡಿಗೆಗೆ ಹಿಡಿದು ಒಬ್ಬನೇ ಇದ್ದೆ. ನಮ್ಮದು ಹತ್ತಿರದ ಹಳ್ಳಿಯೇ, ರಾಗಿ ಬೆಳೆಯುವ ಮನೆ. ಆದರೂ ಶಿಫ್ಟ್ ನೆಪದಲ್ಲಿ ಊರಿಗೆ ಹೋಗುವುದು ವಾರಕ್ಕೊಮ್ಮೆ. ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ನನ್ನ ತಟ್ಟೆ ನೋಡಿ ಮುಖ ಸಿಂಡರಿಸಿ, ತಮ್ಮ ಡಬ್ಬಿಯ ಬದನೆಕಾಯಿ ಪಲ್ಯವನ್ನು ಕೇಳದೆಯೇ ಬಡಿಸುತ್ತಿದ್ದರು. ನನ್ನ ತಂಗಿಯ ಮದುವೆಗೆ ಹಿಂದಿನ ದಿನವೇ ಬಂದು, ನಮ್ಮಮ್ಮನ ಜೊತೆ ಕೂತು ಹೂ ಕಟ್ಟಿದ್ದರು.

ಹಾಗಾಗಿಯೇ, ಮುಂದೆ ಆದದ್ದು ನನಗೆ ಅಷ್ಟು ನೋವು ಕೊಟ್ಟಿತು.

ಅದೊಂದು ಶನಿವಾರ. ಸೋಮವಾರ ಮಾಲು ಹೊರಡಬೇಕು. ನಾನು ಮೂರನೇ ಲೈನ್ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆಯಿಂದ ಮ್ಯಾನೇಜರ್ ಎರಡು ಸಲ ಬಂದು ಎಲ್ಲರ ಮುಂದೆ ನನಗೆ ಬೈದು ಹೋಗಿದ್ದ. ಆ ಹೊತ್ತಿಗೆ ನಾಗರತ್ನಮ್ಮ ಎಂಬ ಟೈಲರ್ ಒಂದಿಡೀ ಕಟ್ಟು ಷರ್ಟುಗಳಿಗೆ ಎಡದ ತೋಳನ್ನು ಬಲಕ್ಕೆ ಕೂರಿಸಿಬಿಟ್ಟಿದ್ದರು. ನಲವತ್ತು ದಾಟಿದ ಹೆಂಗಸು, ತೂಬಗೆರೆ ಕಡೆಯವರು, ಕೆಲಸದಲ್ಲಿ ಯಾವತ್ತೂ ತಪ್ಪು ಮಾಡಿದವರಲ್ಲ. ನಾನು ಆ ಕಟ್ಟನ್ನು ಎತ್ತಿ ಅವರ ಮುಖದ ಮೇಲೆ ಎಸೆದೆ. ಎಸೆದು ಒಂದು ಮಾತು ಅಂದೆ. ನನ್ನ ತಾಯಿಯ ವಯಸ್ಸಿನ ಯಾರಿಗೂ ಅನ್ನಬಾರದ ಮಾತು. ಅದನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ.

ಅಕ್ಕಪಕ್ಕದ ಮಿಷಿನ್‌ಗಳು ನಿಂತವು. ನಾಗರತ್ನಮ್ಮ ಮುಖದ ಮೇಲಿಂದ ಒಂದು ಷರ್ಟು ತೆಗೆದು ಮಡಿಲಲ್ಲಿಟ್ಟುಕೊಂಡು, ಅದನ್ನೇ ನೋಡುತ್ತಾ ಕೂತರು.

ನಾಲ್ಕನೇ ಲೈನ್‌ನಿಂದ ಆಪಾ ಬಂದರು. ನನ್ನ ಕಡೆ ನೋಡಲಿಲ್ಲ. ನೆಲದ ಮೇಲೆ ಬಿದ್ದ ಷರ್ಟುಗಳನ್ನು ಒಂದೊಂದಾಗಿ ಆರಿಸಿ ಮೇಜಿನ ಮೇಲಿಟ್ಟರು. "ಬಾ ನಾಗರತ್ನ, ನೀರು ಕುಡಿಯೋಣ" ಎಂದು ಅವರನ್ನು ಎಬ್ಬಿಸಿ ಕರೆದುಕೊಂಡು ಹೋದರು. ಅವತ್ತು ಮೊದಲ ಸಲ ಆಪಾ ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

ಊಟದ ಹೊತ್ತಿಗೆ ನನ್ನ ಹತ್ತಿರ ಬಂದರು. "ನಾಗರತ್ನನ್ನ ಕೇಳಿದೀನಿ. ಆಯ್ತು ಅಂದಿದಾಳೆ. ದೂರು ಬರೆದು ಕೊಡ್ತಿದೀನಿ. ನಿಂಗೆ ಮೊದಲೇ ಹೇಳ್ತೀನಿ, ಹಿಂದಿನಿಂದ ಮಾಡೋದು ಬೇಡ ಅಂತ."

ನಾನು ತಮಾಷೆ ಎಂದುಕೊಂಡೆ. ಅವರ ಮುಖ ನೋಡಿ ಅಲ್ಲವೆಂದು ತಿಳಿಯಿತು.

"ಆಪಾ, ಬೆಳಿಗ್ಗೆಯಿಂದ ಎಷ್ಟು ಪ್ರೆಷರ್ ಇತ್ತು ನೀವೇ ನೋಡಿದೀರಿ. ಇದೊಂದು ಸಲ ಬಿಟ್ಟುಬಿಡಿ. ಅವರಿಗೆ ನಾನೇ ಸಾರಿ ಕೇಳ್ತೀನಿ."

"ಕೇಳು. ಕೇಳ್ಬೇಕು. ಅದು ಬೇರೆ, ಇದು ಬೇರೆ."

"ಪ್ರಮೋಷನ್ ಲಿಸ್ಟ್‌ನಲ್ಲಿ ನನ್ನ ಹೆಸರಿದೆ ಆಪಾ."

"ಗೊತ್ತು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆದರೂ ಫ್ಯಾಕ್ಟರಿಯಲ್ಲಿ ಇಂಥ ದೂರು ವಿಚಾರಿಸುವ ಸಮಿತಿಗೆ ಬರೆದು ಕೊಟ್ಟರು. ಕೆಳಗೆ ನಾಗರತ್ನಮ್ಮನ ಸಹಿ, ಅದರ ಪಕ್ಕ ಇವರ ಸಹಿ.

ಸಮಿತಿ ನನ್ನನ್ನು ಒಂದು ವಾರ ಅಮಾನತು ಮಾಡಿತು. ಆಮೇಲೆ ಲೈನ್ ಕೊಡದೆ, ಹೊಲಿದ ಬಟ್ಟೆ ಪರೀಕ್ಷಿಸುವ ಚೆಕಿಂಗ್ ಟೇಬಲ್‌ಗೆ ಹಾಕಬೇಕೆಂದೂ, ಎಲ್ಲರ ಮುಂದೆ ಕ್ಷಮೆ ಕೇಳಬೇಕೆಂದೂ ತೀರ್ಮಾನವಾಯಿತು. ಬಡ್ತಿ ಹೋಯಿತು. ಊರಿಗೆ ಹೋಗಿ ಅಪ್ಪನಿಗೆ ಏನು ಹೇಳಲಿ ಎಂದು ತೋಚದೆ ರೂಮಿನಲ್ಲೇ ಬಿದ್ದುಕೊಂಡೆ. ನಾಗರತ್ನಮ್ಮನ ಮೇಲೆ ಸಿಟ್ಟಿರಲಿಲ್ಲ. ಆಪಾ ಮೇಲೆ ಇತ್ತು. ಅನ್ನ ಹಾಕಿದ ಕೈಯಿಂದಲೇ ಹೀಗೆ ಮಾಡಿದರಲ್ಲ ಎಂದು ಕುದಿಯುತ್ತಿದ್ದೆ.

ಅಮಾನತಿನ ನಡುವೆ ಬಂದ ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಆಪಾ, ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದು ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಡಬ್ಬಿ.

"ದೂರು ವಾಪಸ್ ತಗೊಂಡ್ರಾ?" ಎಂದು ಕೇಳಿದೆ. ನಮಸ್ಕಾರವಿಲ್ಲ, ಒಳಗೆ ಬನ್ನಿ ಎಂಬ ಮಾತಿಲ್ಲ.

"ಇಲ್ಲ. ಊಟ ತಂದಿದೀನಿ. ಪಕ್ಕಕ್ಕೆ ಸರಿ, ಕಾಲು ನೋಯ್ತಿದೆ."

ಒಳಗೆ ಬಂದು ಚಾಪೆಯ ಮೇಲೆ ಕೂತರು. ಡಬ್ಬಿ ಬಿಚ್ಚಿದರು. ಮಸಾಲೆ ಅನ್ನದ ಖುಷ್ಕ, ಅದಕ್ಕೆ ಬೇಳೆಯ ದಾಲ್ಚ. ನಾನು ತಿನ್ನುವುದಿಲ್ಲ ಎಂದೆ. ಅವರು ಬಲವಂತ ಮಾಡಲಿಲ್ಲ. ಗೋಡೆಗೊರಗಿ ಕೂತು, ನಾನು ಕೇಳದಿದ್ದರೂ ಹೇಳತೊಡಗಿದರು.

"ನಾನು ಮೊದಲು ಸೂಪರ್‌ವೈಸರ್ ಆದಾಗ ಒಬ್ಬ ಹುಡುಗಿ ಇದ್ದಳು. ಬಟನ್ ಮಿಷಿನ್‌ನಲ್ಲಿ. ಮಾತು ಕಮ್ಮಿ. ಒಂದಿನ ಏನೋ ತಪ್ಪು ಮಾಡಿದಳು, ನಾನು ಕೆನ್ನೆಗೆ ಹೊಡೆದುಬಿಟ್ಟೆ."

ನಾನು ತಲೆಯೆತ್ತಿ ನೋಡಿದೆ. ಆಪಾ ತಮ್ಮ ಬಲಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದರು.

"ಅವಳು ಅಳಲಿಲ್ಲ. ಸಾಯಂಕಾಲದವರೆಗೆ ಹೊಲಿದಳು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನಾನೂ ಬರಲಿಲ್ಲ. ವಾರ ಬಿಟ್ಟು ಅವಳ ಊರು ಹುಡುಕ್ಕೊಂಡು ಹೋದೆ. ಇಲ್ಲೇ ನಮ್ಮ ಕಡೆಯ ವಿಜಯಪುರದ ಹತ್ರ. ಮನೆ ಖಾಲಿ ಮಾಡ್ಕೊಂಡು ಎಲ್ಲೋ ಹೊರಟುಹೋಗಿದ್ರು. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲಿದಾಳೋ ಏನೋ."

"ನಿಮ್ಮ ಮೇಲೆ ಯಾರೂ ಏನೂ ಮಾಡಲಿಲ್ವಾ?"

"ಯಾರು ಮಾಡ್ತಾರೆ? ನಮ್ಮ ಮ್ಯಾನೇಜರ್ ಆಗ ಭುಜ ತಟ್ಟಿ ಶಭಾಷ್ ಅಂದ. ಯಾರಾದ್ರೂ ಒಬ್ಬರು ಬರೆದು ಕೊಟ್ಟಿದ್ರೆ ಅವತ್ತೇ ಅವಳನ್ನ ಕರೆಸೋರು. ಅವಳ ಮುಂದೆ ನಿಲ್ಲಿಸಿ ನನ್ನ ಕೇಳೋರು. ಶಿಕ್ಷೆ ಆಗೋದು, ಮುಗಿಯೋದು. ಈಗ ನೋಡು, ಮುಗಿದೇ ಇಲ್ಲ. ಪ್ರತಿ ನಮಾಜ್‌ನಲ್ಲೂ ಅವಳು ಬಂದು ನಿಲ್ತಾಳೆ." ನನ್ನ ಕಡೆ ತಿರುಗಿ ಅಂದರು, "ನಿಂದು ಮುಗೀಲಿ ಅಂತ ಬರೆದೆ ಬೇಟಾ. ನಾಗರತ್ನ ಇನ್ನೂ ಇಲ್ಲೇ ಇದಾಳೆ. ನಿಂಗೆ ಆ ಅದೃಷ್ಟ ಇದೆ."

ಆಮೇಲೆ ನಾನು ಊಟ ಮಾಡಿದೆ. ಅವರು ಡಬ್ಬಿ ತೊಳೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಅಮಾನತು ಮುಗಿದ ಮೇಲೆ ಮೂರನೇ ಲೈನ್‌ನ ಮಿಷಿನ್‌ಗಳನ್ನೆಲ್ಲ ನಿಲ್ಲಿಸಿ ನಾನು ನಾಗರತ್ನಮ್ಮನ ಮುಂದೆ ನಿಂತೆ. ರೂಮಿನಲ್ಲಿ ಬರೆದು ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತುಗಳು ಮರೆತುಹೋದವು. ತಪ್ಪಾಯಿತು, ಆ ಮಾತು ಆಡಬಾರದಿತ್ತು, ಬಟ್ಟೆ ಎಸೆಯಬಾರದಿತ್ತು ಎಂದಷ್ಟೇ ಅಂದೆ. ಅವರು ನನ್ನನ್ನು ನೇರವಾಗಿ ನೋಡಿದರು.

"ಕೇಳಿಸ್ಕೊಂಡೆ ಸಾರ್. ಕ್ಷಮಿಸಿದೀನಾ ಅಂತ ಇವತ್ತು ಕೇಳ್ಬೇಡಿ. ನನ್ನ ಮಗ ನಿಮ್ಮಷ್ಟೇ ಇದಾನೆ."

ಎಚ್‌ಆರ್‌ನವನು ಕೈ ಕುಲುಕಿಸಿ ಮುಗಿಸಲು ನೋಡಿದ. ಆಪಾ ಅಡ್ಡ ಬಂದರು. "ಬಿಡಿ ಸಾರ್, ಅವಳಿಗೆ ಟೈಮ್ ಬೇಕು. ಎಷ್ಟು ಅಂತ ನಾವು ಹೇಳೋಕಾಗಲ್ಲ." ನಾಗರತ್ನಮ್ಮನಿಗೆ ಎಂಟು ತಿಂಗಳು ಹಿಡಿಯಿತು. ಒಂದು ದಿನ ಚೆಕಿಂಗ್ ಟೇಬಲ್ ಹತ್ತಿರ ಬಂದು, ಮಗನಿಗೆ ಕೆಲಸ ಸಿಕ್ಕಿತೆಂದು ನನಗೊಂದು ಲಾಡು ಕೊಟ್ಟರು. ಅಷ್ಟೇ.

ಚೆಕಿಂಗ್ ಟೇಬಲ್ ಇದ್ದದ್ದು ಎರಡನೇ ಲೈನ್‌ನ ತುದಿಯಲ್ಲಿ. ಅಲ್ಲಿ ನಿಂತಿದ್ದರಿಂದಲೇ ನಾನು ಮ್ಯಾನೇಜರ್‌ನನ್ನು ನೋಡಿದ್ದು. ಹೊಸದಾಗಿ ಬಂದ ಟೈಲರ್ ಒಬ್ಬಳಿಗೆ ಹೊಲಿಗೆ ತೋರಿಸುವ ನೆಪದಲ್ಲಿ ಬೆನ್ನ ಹಿಂದೆ ಬಾಗಿ ನಿಲ್ಲುತ್ತಿದ್ದ. ಕೈ ಹೆಗಲ ಮೇಲೆ, ಆಮೇಲೆ ಸೊಂಟದ ಹತ್ತಿರ. ಆಕೆ ಮರದಂತೆ ಸೆಟೆದು ಕೂರುತ್ತಿದ್ದಳು. ಮೂರನೇ ದಿನ ಆಕೆ ಹೋಗಿ ಆಪಾಗೆ ಹೇಳಿದಳು. ಆಪಾ ಅವತ್ತೇ ಅವಳಿಂದ ದೂರು ಬರೆಸಿದರು.

ಫ್ಲೋರ್ ಪೂರ್ತಿ ಸುದ್ದಿಯಾಯಿತು. ಸಾಕ್ಷಿ ಯಾರೂ ಇಲ್ಲ, ಆಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ಮ್ಯಾನೇಜರ್ ಸಮಿತಿಯ ಮುಂದೆ ಹೇಳಿದ. ನಾನು ಎಲ್ಲಿ ನಿಂತಿರುತ್ತೇನೆಂದು ಆಪಾಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಕಾದೆ. ಕೇಳಿದರೆ ಏನೆಂದು ತಪ್ಪಿಸಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ. ನನ್ನನ್ನು ಮತ್ತೆ ಲೈನ್‌ಗೆ ಹಾಕಬೇಕಾದವನು ಆ ಮ್ಯಾನೇಜರೇ. ಅವರು ಕೇಳಲೇ ಇಲ್ಲ. ಎಂದಿನಂತೆ ಪಲ್ಯ ಬಡಿಸುತ್ತಿದ್ದರು. ಕಡೆಗೆ ನಾನೇ ಕೇಳಿದೆ.

"ನಾನು ನೋಡಿದೀನಿ ಅಂತ ನಿಮಗೆ ಗೊತ್ತು. ಯಾಕೆ ಕೇಳ್ತಿಲ್ಲ?"

"ನಾನು ಕೇಳಿ ನೀನು ಹೇಳಿದ್ರೆ ನನ್ನ ಮುಖ ನೋಡಿ ಹೇಳ್ದಂಗಾಗುತ್ತೆ. ನೋಡಿದ್ದು ನಿನ್ನ ಕಣ್ಣು" ಎಂದು ಮಜ್ಜಿಗೆ ಕುಡಿದರು.

ಆ ಸಂಜೆ ಸಮಿತಿಯವರ ಮುಂದೆ ಹೋಗಿ ನೋಡಿದ್ದನ್ನು ನೋಡಿದಂತೆ ಹೇಳಿ ಸಹಿ ಮಾಡಿದೆ. ನನ್ನ ಸಹಿ ಬಿದ್ದ ಮೇಲೆ ಇನ್ನೂ ಮೂವರು ಹೆಂಗಸರು ಬಂದು, ತಮಗೂ ಹೀಗೇ ಆಗಿತ್ತೆಂದು ಬರೆದು ಕೊಟ್ಟರು.

ಆಡಳಿತದವರು ಮ್ಯಾನೇಜರ್‌ನನ್ನು ತಮ್ಮ ಇನ್ನೊಂದು ಘಟಕಕ್ಕೆ ವರ್ಗ ಮಾಡಿದರು. ನಾವೆಲ್ಲ ಗೆದ್ದೆವೆಂದು ಜಿಲೇಬಿ ತಂದೆವು. ಆಪಾ ಮುಟ್ಟಲಿಲ್ಲ. "ಯಾಕೆ, ಆ ಘಟಕದಲ್ಲಿ ಹೆಂಗಸರಿಲ್ವಾ?" ಎಂದು ಕೇಳಿದರು. ಮರುದಿನವೇ ಆ ಘಟಕದ ಸಮಿತಿಗೂ ದೂರಿನ ಪ್ರತಿ ಕಳಿಸಿದರು. ಮೇಲಿನವರಿಗೆ ಕಳಿಸಿದರು. ಉತ್ತರ ಬಾರದಿದ್ದರೆ ಮತ್ತೆ ಕಳಿಸಿದರು. ನಾಲ್ಕನೆಯ ಪತ್ರದ ಹೊತ್ತಿಗೆ ಅವನನ್ನು ಕೆಲಸದಿಂದ ತೆಗೆದರು. ಅದಾದ ಮೇಲೆ ಆಪಾಗೆ ಬರಬೇಕಾಗಿದ್ದ ಬಡ್ತಿ ಬರಲೇ ಇಲ್ಲ. ಅವರ ಸರದಿ ಬಂದಷ್ಟು ಸಲ ಅದು ಬೇರೆ ಯಾರಿಗೋ ಹೋಯಿತು. ಅದರ ಬಗ್ಗೆ ಕೇಳಿದರೆ, "ಮೇಲೆ ಹೋದ್ರೆ ಮೆಟ್ಟಿಲು ಹತ್ತಬೇಕು, ನನ್ನ ಮಂಡಿಗೆ ಆಗಲ್ಲ" ಎಂದು ನಗುತ್ತಿದ್ದರು. ಆ ನಗೆಯ ಹಿಂದೆ ಬೇಸರವಿತ್ತೋ ಏನೋ. ಇದ್ದರೂ ನಮಗೆ ತೋರಿಸಲಿಲ್ಲ.

ನನಗೆ ಕೆಲವು ವರ್ಷಗಳಲ್ಲಿ ಲೈನ್ ವಾಪಸ್ಸು ಸಿಕ್ಕಿತು. ಈಗ ಇಡೀ ಫ್ಲೋರ್‌ನ ಜವಾಬ್ದಾರಿ ನನ್ನದು. ಮದುವೆಯಾಯಿತು, ಒಬ್ಬಳು ಮಗಳಿದ್ದಾಳೆ. ಹೆಂಡತಿಯ ತಮ್ಮನಿಗೆ ಇದೇ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೆಲಸ ಕೊಡಿಸಿದೆ. ಆಪಾ ನಿವೃತ್ತರಾಗಿ ಮೂರು ವಾರವಾಗಿತ್ತು, ನಾನು ಆಫೀಸಿನಿಂದ ಇಳಿದು ಬರುತ್ತಿದ್ದೆ. ಅವನು ಐದನೇ ಲೈನ್‌ನ ಟೈಲರ್ ಒಬ್ಬಳಿಗೆ ಬೈಯುತ್ತಿದ್ದುದು ಕಿವಿಗೆ ಬಿತ್ತು. ಸಣ್ಣಪುಟ್ಟ ಮಾತಲ್ಲ. ಮನೆಯಲ್ಲಿ ಏನಾಗುತ್ತದೆಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಅವನಿಗೆ ಮೊದಲೇ ಹೇಳಿ, ದೂರು ಬರೆದು ಕೊಟ್ಟೆ. ಅವನು ಅಮಾನತಾದ. ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇದನ್ನು ಆಪಾಗೆ ಹೇಳಲೇಬೇಕೆಂದು ದೊಡ್ಡಬಳ್ಳಾಪುರಕ್ಕೆ ಹೋದೆ. ಮಗ್ಗದ ಬೀದಿಯ ಸದ್ದಿನ ನಡುವೆ, ಅವರ ಮನೆಯ ಜಗುಲಿಯಲ್ಲಿ ಕೂತು ಪೂರ್ತಿ ಕಥೆ ಹೇಳಿದೆ. ಹೆಂಡತಿ ಏನಂದಳು, ಮಾವ ಫೋನ್ ಮಾಡಿ ಏನಂದರು, ನಾನು ಹೇಗೆ ಜಗ್ಗಲಿಲ್ಲ, ಎಲ್ಲ. ಅವರು ಕನ್ನಡಕ ಒರೆಸುತ್ತಾ ಕೇಳಿಸಿಕೊಂಡರು. ಹೊಗಳುತ್ತಾರೆಂದು ಕಾದೆ.

"ಬೈಸಿಕೊಂಡೋಳ ಹೆಸರೇನು?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ದೂರಿನಲ್ಲಿ ಹೆಸರಿನ ಬದಲು ಆಕೆಯ ಹಾಜರಿಯ ಟೋಕನ್ ನಂಬರ್ ಬರೆದಿದ್ದೆ.

"ಅವಳು ಹೆಂಗಿದಾಳೆ?"

ಅದೂ ಗೊತ್ತಿರಲಿಲ್ಲ. ಆಪಾ ಬೈಯಲಿಲ್ಲ. ಅವರು ಯಾವತ್ತು ಬೈದಿದ್ದಾರೆ? ಒಳಗೆ ಹೋಗಿ ಚಹಾ ತಂದು ಕೊಟ್ಟು, ನನ್ನ ಮಗಳ ಶಾಲೆಯ ಬಗ್ಗೆ ಮಾತು ತೆಗೆದರು.

ಮಾರನೇ ದಿನ ಬೆಳಿಗ್ಗೆ ಮಿಷಿನ್‌ಗಳು ಶುರುವಾಗುವ ಮೊದಲೇ ಐದನೇ ಲೈನ್‌ಗೆ ಹೋದೆ. ನನ್ನನ್ನು ಕಂಡು, ಅವತ್ತು ಬೈಸಿಕೊಂಡಾಕೆ ಗಾಬರಿಯಿಂದ ಎದ್ದು ನಿಂತಳು.

"ಏನಾದ್ರೂ ತಪ್ಪಾಯ್ತಾ ಸಾರ್?"

"ಇಲ್ಲಮ್ಮ. ಕೂತ್ಕೊಳ್ಳಿ. ನಿಮ್ಮ ಹೆಸರು ಕೇಳೋಣ ಅಂತ ಬಂದೆ."

"ಸುಮಿತ್ರಾ" ಎಂದಳು. ಕೂರಲಿಲ್ಲ.

"ಹೆಂಗಿದೀರಿ ಸುಮಿತ್ರಾ?"

ಚೆನ್ನಾಗಿದೀನಿ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ನಿಧಾನವಾಗಿ ಕೂತಳು. "ಅವತ್ತಿಂದ ಊಟ ಸೇರ್ತಿಲ್ಲ ಸಾರ್" ಎಂದಳು.

ನಾನು ಪಕ್ಕದ ಮಿಷಿನ್‌ನ ಸ್ಟೂಲ್ ಎಳೆದುಕೊಂಡು ಕೂತೆ.